ಮೂಳೆ ಸೂಪಿನಲ್ಲಿ ಏನಿದೆ, ಏನಿಲ್ಲ

ಮೂಳೆ, ಕೀಲು, ಚರ್ಮ, ಸ್ನಾಯುರಜ್ಜುಗಳನ್ನು ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಸೋಸಿದ ರಸವೇ ಮೂಳೆ ಸೂಪು. ಕರ್ನಾಟಕದ ಮಾಂಸಾಹಾರಿ ಮನೆಗಳಲ್ಲಿ ಇದರ ಹೆಸರುವಾಸಿ ರೂಪ ಕಾಲು ಸೂಪು. ಕುರಿ ಅಥವಾ ಮೇಕೆಯ ಕಾಲನ್ನು ಕೆಂಡದ ಮೇಲೆ ಸುಟ್ಟು, ಕೂದಲು ಕೆರೆದು, ತುಂಡು ಮಾಡಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿ ಬೇಯಿಸುತ್ತಾರೆ. ಕೈಕಾಲು ಮುರಿದುಕೊಂಡು ಕಟ್ಟು ಹಾಕಿಸಿಕೊಂಡವರಿಗೆ, ಬಾಣಂತಿಯರಿಗೆ, ಜ್ವರ ಬಿಟ್ಟು ಎದ್ದವರಿಗೆ, ನೆಗಡಿಯಿಂದ ಮೂಗು ಕಟ್ಟಿದವರಿಗೆ ಅದನ್ನು ಕುಡಿಸುವ ರೂಢಿ ಹಳೆಯದು. ಬೆಂಗಳೂರು, ಮಂಡ್ಯ, ಮೈಸೂರು ಕಡೆಯ ಮಿಲಿಟರಿ ಹೋಟೆಲುಗಳಲ್ಲಿ ಬೋಟಿ, ತಲೆಮಾಂಸದ ಜೊತೆಗೆ ಕಾಲು ಸೂಪಿಗೂ ಜಾಗವಿದೆ. ಪಕ್ಕದಲ್ಲಿ ರಾಗಿ ಮುದ್ದೆ ಇರಲೇಬೇಕು.

ಅಮೆರಿಕದಲ್ಲಿ ಇದೇ ರಸ ‘ಬೋನ್ ಬ್ರಾತ್’ ಎಂಬ ಹೆಸರಿನಲ್ಲಿ ಆರೋಗ್ಯಪೇಯವಾಗಿ ಹೊಸ ಬೆಲೆ ಪಡೆದದ್ದು 2014ರ ನಂತರ. ಆ ವರ್ಷ ನ್ಯೂಯಾರ್ಕಿನ ಬಾಣಸಿಗ ಮಾರ್ಕೊ ಕನೋರಾ ತಮ್ಮ ಹೋಟೆಲಿನ ಕಿಟಕಿಯಲ್ಲೇ ‘ಬ್ರೊಡೊ’ ಎಂಬ ಪುಟ್ಟ ಅಂಗಡಿ ತೆರೆದು, ಕಾಫಿಯಂತೆ ಕಾಗದದ ಲೋಟದಲ್ಲಿ ಮೂಳೆ ರಸ ಮಾರಲಾರಂಭಿಸಿದರು. ಕೀಲುನೋವು ಹೋಗುತ್ತದೆ, ಚರ್ಮ ಬಿಗಿಯುತ್ತದೆ, ಕರುಳು ವಾಸಿಯಾಗುತ್ತದೆ, ಮೂಳೆ ಗಟ್ಟಿಯಾಗುತ್ತದೆ ಎಂಬ ಮಾತುಗಳೂ ಅದರ ಬೆನ್ನಿಗೇ ಹರಡಿದವು. ಅವುಗಳಲ್ಲಿ ಕೆಲವಕ್ಕೆ ಸ್ವಲ್ಪ ಆಧಾರವಿದೆ, ಹಲವಕ್ಕೆ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಈ ಸೂಪು ದೂರವಲ್ಲ. ಟೆಕ್ಸಸ್ ರಾಜ್ಯದಲ್ಲಿ ಡಲ್ಲಾಸ್‌ನಿಂದ ಉತ್ತರಕ್ಕೆ ಡೆಂಟನ್ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಲೂಯಿಸ್‌ವಿಲ್‌ನಲ್ಲಿ ಮೂಳೆ ಸಿಗುವುದು ಕಷ್ಟವಲ್ಲ. ಟೆಕ್ಸಸ್ ದನ ಸಾಕುವ ನಾಡು. ಮೆಕ್ಸಿಕನ್ ಮಾಂಸದಂಗಡಿಗಳಲ್ಲಿ ದನದ ಕಾಲು, ಮೊಣಕಾಲ ಮೂಳೆಗಳು ಸದಾ ಇರುತ್ತವೆ. ಮೂಳೆ ಸಮೇತ ಮಾಂಸ, ಜೋಳದ ತೆನೆ, ಎಲೆಕೋಸು ಬೇಯಿಸಿದ ‘ಕಾಲ್ದೊ ದೆ ರೆಸ್’ ಆ ಮನೆಗಳ ನಿತ್ಯದ ಅಡುಗೆ. ಪಕ್ಕದ ಕ್ಯಾರಲ್ಟನ್‌ನ ಕೊರಿಯನ್ ಅಂಗಡಿಸಾಲಿನಲ್ಲಿ ಹಾಲಿನಂತೆ ಬೆಳ್ಳಗಾಗುವವರೆಗೆ ಮೂಳೆ ಕುದಿಸಿದ ‘ಸೊಲ್ಲಂಗ್‌ತಂಗ್’ ಸಿಗುತ್ತದೆ. ಹ್ಯೂಸ್ಟನ್‌ನ ವಿಯೆಟ್ನಾಮಿ ಹೋಟೆಲುಗಳ ‘ಫೊ’ ಕೂಡ ಮೂಳೆ ರಸವೇ. ಮೇಕೆಯ ಕಾಲು ಬೇಕಾದ ಕನ್ನಡದ ಮನೆಯವರು ಸಾಮಾನ್ಯವಾಗಿ ಹಲಾಲ್ ಅಂಗಡಿಗಳ ಕಡೆ ಹೋಗುತ್ತಾರೆ.

ನೀರಿಗೆ ಇಳಿಯುವುದೇನು?

ಒಣ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ. ಉಳಿದದ್ದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನು. ಖನಿಜದ ಭಾಗ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಆದ ಗಟ್ಟಿ ಹರಳು. ಬರಿಯ ನೀರಿನಲ್ಲಿ ಎಷ್ಟು ಕುದಿಸಿದರೂ ಅದು ಹೆಚ್ಚು ಕರಗುವುದಿಲ್ಲ. ಕೊಲಾಜೆನ್ ಹಾಗಲ್ಲ. ಮೂರು ಎಳೆ ಸೇರಿಸಿ ಹೊಸೆದ ಹುರಿಯಂತಿರುವ ಈ ಪ್ರೋಟೀನು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಹೊತ್ತು ಹೋದಂತೆ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಸೂಪು ಕುಡಿದಾಗ ತುಟಿಗೆ ತುಟಿ ಅಂಟುವುದು, ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗಿ ಅಲುಗಾಡುವುದು ಈ ಜೆಲಾಟಿನ್‌ನಿಂದ. ಕಾಲು, ಕೋಳಿಯ ಪಾದ, ಮೊಣಕಾಲ ಗಂಟುಗಳಲ್ಲಿ ಚರ್ಮ, ರಜ್ಜು, ಮೆದು ಮೂಳೆ ಹೆಚ್ಚಿರುವುದರಿಂದ ಅವುಗಳ ಸೂಪು ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಉದ್ದನೆಯ ನಳಿ ಮೂಳೆಯೊಳಗಿನ ಮಜ್ಜೆಯಲ್ಲಿ ಹೆಚ್ಚಾಗಿ ಇರುವುದು ಕೊಬ್ಬು. ರುಚಿ ಅದರಿಂದ, ಕ್ಯಾಲೊರಿಯೂ ಅದರಿಂದಲೇ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ, ಮನೆಯಲ್ಲಿ ಮಾಡಿದ ದನದ ಮೂಳೆ ರಸದ ಒಂದು ಕಪ್ಪಿನಲ್ಲಿ, ಅಂದರೆ ಸುಮಾರು 240 ಮಿಲಿಲೀಟರಿನಲ್ಲಿ, 5 ಗ್ರಾಮಿನಷ್ಟು ಪ್ರೋಟೀನು ಮತ್ತು 19 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ರಸದಲ್ಲಿ ಪ್ರೋಟೀನು 6 ಗ್ರಾಂ, ಕ್ಯಾಲ್ಸಿಯಂ 7 ಮಿಲಿಗ್ರಾಂ. ದಿನಗಟ್ಟಲೆ ಬತ್ತಿಸಿದ ಗಟ್ಟಿ ಸೂಪಿನಲ್ಲಿ ಪ್ರೋಟೀನು ಇದರ ದುಪ್ಪಟ್ಟು ಇರಬಹುದು. ಆದರೂ ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000 ಮಿಲಿಗ್ರಾಂ. ಒಂದು ಕಪ್ ಹಾಲಿನಲ್ಲಿ ಹತ್ತಿರ ಹತ್ತಿರ 300 ಮಿಲಿಗ್ರಾಂ ಸಿಗುತ್ತದೆ.

ಈ ಲೆಕ್ಕ ಹೊಸದೇನಲ್ಲ. ಲಂಡನ್ನಿನಲ್ಲಿ ಹಸುಗೂಸುಗಳಿಗೆ ಮೂಳೆ ಮತ್ತು ತರಕಾರಿ ಬೇಯಿಸಿದ ರಸ ಕುಡಿಸುವ ಪದ್ಧತಿ ಇತ್ತು. ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ರಾಬರ್ಟ್ ಮೆಕ್ಯಾನ್ಸ್, ಎಲ್ಸಿ ವಿಡೋಸನ್ ಮತ್ತು ಅವರ ಸಂಗಡಿಗರು 1934ರಲ್ಲಿ ಅದನ್ನು ಅಳೆದು ನೋಡಿ, ಹಾಲಿನ ಜಾಗದಲ್ಲಿ ಇಡುವಷ್ಟು ಪೋಷಣೆ ಅದರಲ್ಲಿಲ್ಲ ಎಂದು ತೋರಿಸಿದರು. ಬೇಯಿಸುವಾಗ ವಿನೆಗರ್, ಟೊಮೆಟೊ ಅಥವಾ ಹುಣಸೆಹುಳಿ ಹಾಕಿದರೆ ಹುಳಿಗೆ ಹರಳು ಸ್ವಲ್ಪ ಕರಗಿ ಕ್ಯಾಲ್ಸಿಯಂ ಏರುತ್ತದೆ, ನಿಜ. ತೈವಾನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಹುಳಿಯಿಂದ ಅದು ಹತ್ತು ಪಟ್ಟಿಗೂ ಮೀರಿ ಹೆಚ್ಚಿತ್ತು. ಆದರೆ ಮೊದಲೇ ಅತ್ಯಲ್ಪವಾದದ್ದು ಅಷ್ಟು ಹೆಚ್ಚಿದರೂ ದಿನದ ಅಗತ್ಯದ ನೂರಕ್ಕೆ ಐದು ಪಾಲನ್ನೂ ಮುಟ್ಟಲಿಲ್ಲ.

ಮಿಲಿಟರಿ ಹೋಟೆಲಿನ ತಟ್ಟೆಯನ್ನೇ ತೆಗೆದುಕೊಂಡರೆ ವಿಷಯ ತಿಳಿಯಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿಯಲ್ಲಿರುವ ಫೈಟೇಟ್‌ನಂಥ ಅಂಶಗಳಿಂದ ಅದೆಲ್ಲವೂ ಮೈಗೆ ಹತ್ತುವುದಿಲ್ಲವೆಂದರೂ, ಆ ಊಟದಲ್ಲಿ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಬರುವುದು ಮುದ್ದೆಯಿಂದ. ಮೂಳೆ ಬೇಯಿಸಿದ ಸೂಪಿನಿಂದಲ್ಲ.

ಕುಕ್ಕರ್ ಹುಟ್ಟಿದ್ದೇ ಮೂಳೆಗಾಗಿ

ಮೂಳೆಯಿಂದ ಸತ್ವ ತೆಗೆಯುವ ಆಸೆಗೂ ಪ್ರೆಷರ್ ಕುಕ್ಕರಿಗೂ ನೇರ ನಂಟಿದೆ. ಫ್ರಾನ್ಸಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಡೆನಿ ಪಪ್ಯಾಂ 1679ರಲ್ಲಿ ಗಟ್ಟಿಯಾದ ಮೂಳೆಯನ್ನೂ ಮೆತ್ತಗಾಗಿಸುವ ಬಿಗಿಮುಚ್ಚಳದ ಪಾತ್ರೆಯನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಒಳಗಿನ ಹಬೆ ಮಿತಿಮೀರಿದರೆ ಹೊರಹೋಗಲೆಂದು ಅವನು ಕೂರಿಸಿದ ಸೇಫ್ಟಿ ವಾಲ್ವ್ ಇಂದಿನ ಕುಕ್ಕರುಗಳಲ್ಲೂ ಇದೆ. ಒತ್ತಡದಲ್ಲಿ ನೀರಿನ ಶಾಖ 120 ಡಿಗ್ರಿಯವರೆಗೆ ಏರುವುದರಿಂದ ತೆರೆದ ಪಾತ್ರೆಯಲ್ಲಿ ಅರ್ಧ ದಿನ ಹಿಡಿಯುವ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಮೂಳೆಯ ಜೆಲಾಟಿನ್ನಿನಿಂದಲೇ ಬಡವರ, ರೋಗಿಗಳ ಹೊಟ್ಟೆ ತುಂಬಿಸಬಹುದೆಂಬ ಉತ್ಸಾಹ ಹಬ್ಬಿತ್ತು. ರಸಾಯನಶಾಸ್ತ್ರಜ್ಞ ದಾರ್ಸೆ ಅದರ ದೊಡ್ಡ ವಕ್ತಾರ. ಆ ವಾದವನ್ನು ಪರೀಕ್ಷಿಸಲು ವಿಜ್ಞಾನ ಅಕಾಡೆಮಿ ನೇಮಿಸಿದ ಆಯೋಗದ ಪರವಾಗಿ ಶರೀರಶಾಸ್ತ್ರಜ್ಞ ಫ್ರಾಂಸ್ವಾ ಮಜಾಂದಿ 1841ರಲ್ಲಿ ವರದಿ ಕೊಟ್ಟ. ಬರೀ ಜೆಲಾಟಿನ್ ತಿಂದ ನಾಯಿಗಳು ಸೊರಗಿಹೋಗಿದ್ದವು.

ಕಾರಣ ಆಮೇಲೆ ತಿಳಿಯಿತು. ಜೆಲಾಟಿನ್ನಿನಲ್ಲಿರುವ ಅಮೈನೊ ಆಮ್ಲಗಳಲ್ಲಿ ಪ್ರತಿ ಮೂರರಲ್ಲಿ ಒಂದು ಗ್ಲೈಸಿನ್. ಪ್ರೊಲಿನ್, ಹೈಡ್ರಾಕ್ಸಿಪ್ರೊಲಿನ್‌ಗಳೂ ಹೇರಳ. ಆದರೆ ದೇಹ ತಾನೇ ತಯಾರಿಸಿಕೊಳ್ಳಲಾಗದ ಟ್ರಿಪ್ಟೊಫಾನ್ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಮೊಟ್ಟೆ, ಹಾಲು, ಬೇಳೆ, ಮಾಂಸದ ಪ್ರೋಟೀನಿಗೆ ಇದು ಸಮವಲ್ಲ. ಇದನ್ನು ಮರೆತದ್ದಕ್ಕೆ ಅಮೆರಿಕ 1970ರ ದಶಕದಲ್ಲಿ ಬೆಲೆ ತೆತ್ತಿತು. ತೂಕ ಇಳಿಸಲು ಕೊಲಾಜೆನ್ ಮೂಲದ ದ್ರವ ಪ್ರೋಟೀನನ್ನಷ್ಟೇ ಕುಡಿದು ದಿನ ದೂಡಿದವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು; ಹಲವರ ಹೃದಯದ ಬಡಿತವೇ ತಾಳ ತಪ್ಪಿತ್ತು. ಊಟದ ಜೊತೆಗಿನ ಒಂದು ಲೋಟ ಸೂಪಿನಿಂದ ಅಂಥ ಅಪಾಯವಿಲ್ಲ. ಊಟ ಬಿಟ್ಟು ವಾರಗಟ್ಟಲೆ ಸೂಪಿನ ಮೇಲೇ ಇರುವ ‘ಬ್ರಾತ್ ಉಪವಾಸ’ಕ್ಕೆ ಮಾತ್ರ ಈ ಎಚ್ಚರಿಕೆ ಸಲ್ಲುತ್ತದೆ.

ಒಪ್ಪಬಹುದಾದ ಉಪಯೋಗಗಳು

ನೆಗಡಿಗೆ ಬಿಸಿ ಸೂಪು ಒಳ್ಳೆಯದೆಂಬ ಮಾತಿಗೆ ಪ್ರಯೋಗದ ಬೆಂಬಲವಿದೆ. 1978ರಲ್ಲಿ ಫ್ಲಾರಿಡಾದ ಮಯಾಮಿ ಬೀಚಿನ ವೈದ್ಯರು, ಬಿಸಿ ಕೋಳಿ ಸೂಪು ಕುಡಿದ ಮೇಲೆ ಮೂಗಿನ ಲೋಳೆ ಬೇಗ ಹರಿಯುವುದನ್ನು ಅಳೆದು ತೋರಿಸಿದರು. ತಣ್ಣೀರಿಗೆ ಆ ಗುಣ ಇರಲಿಲ್ಲ. 2000ದಲ್ಲಿ ನೆಬ್ರಾಸ್ಕದ ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು ಕೋಳಿ ಸೂಪು ಉರಿಯೂತಕ್ಕೆ ಕಾರಣವಾಗುವ ಬಿಳಿ ರಕ್ತಕಣಗಳ ಓಡಾಟವನ್ನು ತಗ್ಗಿಸುತ್ತದೆ ಎಂದು ಕಂಡರು. ಆದರೆ ಅದು ಪ್ರಯೋಗಾಲಯದ ಬಟ್ಟಲಿನಲ್ಲಿ ನಡೆದದ್ದು, ಮನುಷ್ಯರ ಮೈಯಲ್ಲಲ್ಲ; ಸೂಪಿಗೆ ಹಾಕಿದ ತರಕಾರಿಗಳಲ್ಲೂ ಆ ಗುಣ ಕಂಡಿತ್ತು. ಮಲೆನಾಡಿನ ಏಡಿ ಸಾರು, ಬಯಲುಸೀಮೆಯ ನಾಟಿ ಕೋಳಿ ಸಾರು, ಸಸ್ಯಾಹಾರಿಗಳ ಮೆಣಸಿನ ಸಾರು ಇವೆಲ್ಲ ಮೂಗು ಬಿಡಿಸುವುದರಲ್ಲಿ ಬಿಸಿ ಮತ್ತು ಖಾರದ ಪಾಲು ದೊಡ್ಡದು.

ಎರಡನೆಯದು ನೀರು ಮತ್ತು ಉಪ್ಪು. ಜ್ವರ, ಭೇದಿಯಿಂದ ಬಳಲಿದವರಿಗೆ ಗಟ್ಟಿ ಊಟ ಸೇರದಿದ್ದಾಗ ಒಂದು ಬಟ್ಟಲು ಸೂಪು ಸಲೀಸಾಗಿ ಇಳಿಯುತ್ತದೆ, ಬಾಯಿರುಚಿ ತರುತ್ತದೆ, ಮುಂದಿನ ತುತ್ತಿಗೆ ದಾರಿ ಮಾಡುತ್ತದೆ. ಹಲ್ಲಿಲ್ಲದ ಹಿರಿಯರಿಗೂ ಇದು ಅನುಕೂಲ. ಬಾಣಂತಿಗೂ ಹಾಗೆಯೇ: ಹಾಲೂಡಿಸುವ ತಾಯಿಗೆ ದ್ರವ ಬೇಕು, ಸೂಪು ಅದನ್ನು ಕೊಡುತ್ತದೆ. ಆದರೆ ಹೆರಿಗೆಯಲ್ಲಿ ಹೋದ ರಕ್ತವನ್ನು ತುಂಬುವಷ್ಟು ಕಬ್ಬಿಣ ಸೋಸಿದ ರಸದಲ್ಲಿಲ್ಲ; ವೈದ್ಯರು ಬರೆದುಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಸೂಪಿನ ನೆಪದಲ್ಲಿ ಬಿಡಬಾರದು.

ಕೀಲು ಮತ್ತು ಚರ್ಮದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕುಡಿದ ಜೆಲಾಟಿನ್ ನೇರವಾಗಿ ಮೊಣಕಾಲಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆ, ಕರುಳುಗಳಲ್ಲಿ ಅದು ಅಮೈನೊ ಆಮ್ಲಗಳಾಗಿ, ಪೆಪ್ಟೈಡುಗಳೆಂಬ ಪುಟ್ಟ ತುಣುಕುಗಳಾಗಿ ಒಡೆಯುತ್ತದೆ. ದಿನಕ್ಕೆ 10 ಗ್ರಾಮಿನ ಆಸುಪಾಸು ಸಂಸ್ಕರಿಸಿದ ಕೊಲಾಜೆನ್ ಪುಡಿ ಸೇವಿಸಿದವರಲ್ಲಿ ಮೊಣಕಾಲು ನೋವು ಅಲ್ಪಸ್ವಲ್ಪ ತಗ್ಗಿದ ವರದಿಗಳಿವೆ; ಅವುಗಳಲ್ಲಿ ಹಲವು ಆ ಪುಡಿ ತಯಾರಿಸುವ ಕಂಪನಿಗಳ ಹಣದಿಂದ ನಡೆದವು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕೀತ್ ಬಾರ್ ಮತ್ತು ಸಂಗಡಿಗರು 2017ರಲ್ಲಿ, ವ್ಯಾಯಾಮಕ್ಕೆ ಮುಂಚೆ ‘ಸಿ’ ವಿಟಮಿನ್ ಬೆರೆಸಿದ 15 ಗ್ರಾಂ ಜೆಲಾಟಿನ್ ತೆಗೆದುಕೊಂಡ ಎಂಟು ಯುವಕರ ರಕ್ತದಲ್ಲಿ ಕೊಲಾಜೆನ್ ತಯಾರಿಕೆಯ ಗುರುತು ಏರಿದ್ದನ್ನು ಕಂಡರು. ಆದರೆ 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮನೆ ಮತ್ತು ಹೋಟೆಲುಗಳ ಮೂಳೆ ಸೂಪುಗಳನ್ನು ಪರೀಕ್ಷಿಸಿದಾಗ, ಒಂದರ ಪ್ರಮಾಣ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ಪುಡಿಯ ಪ್ರಯೋಗಗಳಲ್ಲಿ ಬಳಸಿದಷ್ಟು ಅಮೈನೊ ಆಮ್ಲ ಸೂಪಿನಿಂದ ನೆಚ್ಚಿಕೊಳ್ಳುವಂತೆ ಸಿಗದು ಎಂದು ಅವರು ಬರೆದರು. ಕರುಳಿನ ಒಳಪದರ ಸರಿಹೋಗುತ್ತದೆ ಎಂಬುದಕ್ಕೆ ಇರುವ ಆಧಾರ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳದ್ದು.

ಮುರಿದ ಮೂಳೆ ಕೂಡುವುದು ಅದನ್ನು ಸರಿಯಾಗಿ ಕೂರಿಸಿ ಅಲುಗಾಡದಂತೆ ಹಿಡಿದಿಡುವುದರಿಂದ, ಆ ಜಾಗಕ್ಕೆ ರಕ್ತ ಚೆನ್ನಾಗಿ ಹರಿಯುವುದರಿಂದ. ಜೊತೆಗೆ ಪೂರ್ಣ ಪ್ರೋಟೀನು, ಕ್ಯಾಲ್ಸಿಯಂ, ‘ಡಿ’ ವಿಟಮಿನ್ ಬೇಕು. ಕೊಲಾಜೆನ್ ಕಟ್ಟಲು ದೇಹಕ್ಕೆ ‘ಸಿ’ ವಿಟಮಿನ್ ಅಗತ್ಯ. ನೆಲ್ಲಿಕಾಯಿ, ಸೀಬೆ, ನಿಂಬೆಯಲ್ಲಿ ಅದು ಧಾರಾಳ. ಒಲೆಯಿಂದ ಇಳಿಸಿದ ಮೇಲೆ ಸೂಪಿಗೆ ನಿಂಬೆರಸ ಹಿಂಡುವುದು ರುಚಿಗೂ ಸರಿ, ಪೋಷಣೆಗೂ ಸರಿ. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತದೆ. ಅದನ್ನು ಬಿಟ್ಟವನಿಗೆ ಆಗುವ ಲಾಭದ ಮುಂದೆ ಸೂಪಿನ ಲಾಭ ಚಿಕ್ಕದು.

ಮಾಡುವ ಕ್ರಮ

ಅಂಗಡಿಯಲ್ಲಿ ಸುಟ್ಟು ತುಂಡು ಮಾಡಿಸಿದ ನಾಲ್ಕು ಕಾಲುಗಳು ಒಂದು ಮನೆಗೆ ಸಾಕು. ಅರಿಶಿನ ಹಚ್ಚಿ ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಗೊರಸಿನ ಸಂದಿನಲ್ಲಿ ಮಸಿ ಉಳಿದರೆ ಸೂಪಿಗೆ ಸುಟ್ಟ ವಾಸನೆ ಬರುತ್ತದೆ. ಮೊದಲು ತಣ್ಣೀರಿನಲ್ಲಿ ಹಾಕಿ ಒಂದು ಕುದಿ ಬರಿಸಿದರೆ ಬೂದುಬಣ್ಣದ ನೊರೆ ಮೇಲೇಳುತ್ತದೆ. ಆ ನೀರನ್ನು ಚೆಲ್ಲಿ, ಮೂಳೆ ಮುಳುಗುವುದಕ್ಕಿಂತ ಎರಡು ಬೆರಳು ಮೇಲೆ ಹೊಸ ನೀರು ಹಾಕಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಧನಿಯ ಸೇರಿಸಿ ಕುಕ್ಕರಿನಲ್ಲಿಡಬೇಕು. ಏಳೆಂಟು ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಿಟ್ಟರೆ ಕೀಲುಗಳು ತಾವೇ ಬಿಟ್ಟುಕೊಳ್ಳುತ್ತವೆ. ಮೆಣಸು, ಜೀರಿಗೆಯನ್ನು ಕೊನೆಗೆ ಕುಟ್ಟಿ ಹಾಕಿದರೆ ಘಮ ಉಳಿಯುತ್ತದೆ.

ತೆರೆದ ಪಾತ್ರೆಯಲ್ಲಾದರೆ ಕೋಳಿ ಮೂಳೆಗೆ ಮೂರು ನಾಲ್ಕು ಗಂಟೆ, ದನದ ಮೂಳೆಗೆ ಎಂಟರಿಂದ ಹನ್ನೆರಡು ಗಂಟೆ ಬೇಕು. ಮೀನಿಗೆ ಅರ್ಧ ಗಂಟೆ ಸಾಕು, ಹೆಚ್ಚಾದರೆ ಕಹಿ. ಜೋರು ಕುದಿಯಲ್ಲಿ ಕೊಬ್ಬು ನೀರಿನೊಳಗೆ ಚೂರಾಗಿ ಬೆರೆತು ಸೂಪು ಬೆಳ್ಳಗಾಗುತ್ತದೆ, ಸಣ್ಣ ಉರಿಯಲ್ಲಿ ತಿಳಿಯಾಗಿ ಉಳಿಯುತ್ತದೆ. ಫ್ರಿಜ್‌ನಲ್ಲಿ ತಣಿದಾಗ ಮೇಲೆ ಕಟ್ಟುವ ಕೊಬ್ಬಿನ ಪದರವನ್ನು ಚಮಚದಿಂದ ಎತ್ತಿಹಾಕಬಹುದು. ಕೊಲೆಸ್ಟರಾಲ್ ಹೆಚ್ಚಿರುವವರು ಎತ್ತಿಹಾಕುವುದೇ ಒಳಿತು.

ಉಪ್ಪನ್ನು ಬಡಿಸುವಾಗ ಹಾಕುವುದು ಲೇಸು. ಬತ್ತಿಸುವ ಮುನ್ನ ಹಾಕಿದ ಉಪ್ಪು ರಸ ಬತ್ತಿದಂತೆ ಅತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಅಂಗಡಿಯ ಡಬ್ಬಿ ಸೂಪುಗಳಲ್ಲಿ, ಸೂಪಿನ ಬಿಲ್ಲೆಗಳಲ್ಲಿ ಉಪ್ಪು ಹೆಚ್ಚಿರುವುದು ಸಾಮಾನ್ಯ. ಮನೆಯ ಸೂಪಿನ ಖಚಿತ ಲಾಭಗಳಲ್ಲಿ ಇದೂ ಒಂದು: ಉಪ್ಪು ಮಾಡುವವರ ಕೈಯಲ್ಲಿರುತ್ತದೆ.

ಟೆಕ್ಸಸ್ ಸೆಕೆ, ಟೆಕ್ಸಸ್ ಚಳಿ

ಮೂಳೆ ಸೂಪಿನಿಂದ ಮನೆಮಂದಿ ಕಾಯಿಲೆ ಬೀಳುವುದಾದರೆ ಬಹುಮಟ್ಟಿಗೆ ತಣಿಸುವ ಹಂತದಲ್ಲಿನ ಅಜಾಗ್ರತೆಯಿಂದ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಕುದಿಯಲ್ಲೂ ಸಾಯುವುದಿಲ್ಲ. ದೊಡ್ಡ ಪಾತ್ರೆಯ ಸೂಪು ನಿಧಾನವಾಗಿ ಆರುತ್ತಾ ಹೋದಾಗ ಅವು ಮೊಳೆತು ಬೆಳೆದು ಹೊಟ್ಟೆನೋವು, ಭೇದಿ ತರುತ್ತವೆ. ಅಮೆರಿಕದ ಕೃಷಿ ಇಲಾಖೆ 4ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖವನ್ನು ಅಪಾಯದ ವಲಯವೆನ್ನುತ್ತದೆ. ಬೇಯಿಸಿದ ಆಹಾರ ಆ ವಲಯದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸುತ್ತಲಿನ ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬೇಸಿಗೆಯಲ್ಲಿ ಡಲ್ಲಾಸ್ ಸುತ್ತಮುತ್ತ 38 ಡಿಗ್ರಿ ದಾಟುವುದು ಮಾಮೂಲು. ರಾತ್ರಿ ಒಲೆ ಆರಿಸಿ ಬೆಳಿಗ್ಗೆ ನೋಡೋಣ ಎಂದು ಬಿಡುವುದು ಅಲ್ಲಿ ನಡೆಯದು. ಸೋಸಿದ ಸೂಪನ್ನು ಅಗಲ ಪಾತ್ರೆಗಳಿಗೆ ಹಂಚಿ, ಐಸ್ ನೀರಿನ ಮೇಲೆ ಕೂರಿಸಿ ತಣಿಸಿ ಒಳಗಿಡಬೇಕು. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಇಡಬಹುದು. ಮತ್ತೆ ಬಳಸುವಾಗ ಒಂದು ಕುದಿ ಬರಿಸಲೇಬೇಕು.

2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಸ್ಸಿನ ಲಕ್ಷಾಂತರ ಮನೆಗಳು ದಿನಗಟ್ಟಲೆ ಕರೆಂಟಿಲ್ಲದೆ ಕಳೆದವು. ಅಂಥ ಹೊತ್ತಿಗೆ ನೆನಪಿಡುವ ನಿಯಮ ಸರಳ: ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ, ತುಂಬಿದ ಫ್ರೀಜರು 48 ಗಂಟೆ ತಂಪು ಕಾಯುತ್ತದೆ. ಅವಧಿ ಮೀರಿದರೆ ಮೂಸಿ ನೋಡಿ ತೀರ್ಮಾನಿಸದೆ ಚೆಲ್ಲಬೇಕು.

ಟೆಕ್ಸಸ್ಸಿಗೆ ಇನ್ನೊಂದು ಎಚ್ಚರಿಕೆಯೂ ಸೇರಿದೆ. ಅಲ್ಲಿ ಜಿಂಕೆ ಬೇಟೆ ಕಾನೂನುಬದ್ಧ; ಸ್ನೇಹಿತರು ಬೇಟೆಯ ಮಾಂಸ, ಮೂಳೆ ಹಂಚುವುದುಂಟು. ಜಿಂಕೆಗಳ ಮಿದುಳನ್ನು ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ 2012ರಿಂದ ಆ ರಾಜ್ಯದಲ್ಲಿದೆ. ಅದಕ್ಕೆ ಕಾರಣವಾದ ಪ್ರಿಯಾನ್‌ಗಳು ಕುದಿಸಿದರೆ ನಾಶವಾಗುವುದಿಲ್ಲ. ಮನುಷ್ಯರಿಗೆ ತಗುಲಿದ ಖಚಿತ ಉದಾಹರಣೆ ಇಲ್ಲವಾದರೂ, ಪರೀಕ್ಷೆಯಾಗದ ಜಿಂಕೆಯ ಬೆನ್ನುಮೂಳೆ, ತಲೆ ಸೂಪಿಗೆ ಬೇಡ.

ಯಾರು ಹುಷಾರಾಗಿರಬೇಕು?

ಮಾಂಸ, ಮೂಳೆ, ಮಜ್ಜೆಗಳಿಂದ ಪ್ಯೂರಿನ್ ಎಂಬ ವಸ್ತು ನೀರಿಗಿಳಿಯುತ್ತದೆ. ದೇಹ ಅದನ್ನು ಯೂರಿಕ್ ಆಮ್ಲವಾಗಿಸುವುದರಿಂದ ಗೌಟ್ ಇರುವವರ ಕಾಲ್ಬೆರಳ ನೋವು ಕೆರಳಬಹುದು. ರಕ್ತದೊತ್ತಡದವರು ಉಪ್ಪನ್ನು, ಕಿಡ್ನಿ ತೊಂದರೆಯವರು ಉಪ್ಪಿನ ಜೊತೆಗೆ ಪ್ರೋಟೀನು, ರಂಜಕ, ಪೊಟ್ಯಾಸಿಯಂಗಳನ್ನೂ ಲೆಕ್ಕ ಹಾಕಬೇಕು. ವೈದ್ಯರನ್ನು ಕೇಳಿಯೇ ಕುಡಿಯಬೇಕು. ಪ್ರಾಣಿಗಳ ಮೈ ಸೇರಿದ ಸೀಸ ಮೂಳೆಯಲ್ಲಿ ಸಂಗ್ರಹವಾಗುತ್ತದೆ. 2013ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸಣ್ಣ ಅಳತೆಯೊಂದರಲ್ಲಿ ಕೋಳಿ ಮೂಳೆ ರಸದ ಸೀಸ ಲೀಟರಿಗೆ 7ರಿಂದ 10 ಮೈಕ್ರೊಗ್ರಾಂ ನಡುವೆ ಇತ್ತು. ಮೂಳೆ ಹಾಕದೆ ಕುದಿಸಿದ ಬರೀ ನೀರಿನಲ್ಲಿ 1 ಕೂಡ ಇರಲಿಲ್ಲ. ವಾರಕ್ಕೊಮ್ಮೆ ಕುಡಿಯುವವರು ಇದಕ್ಕೆ ಹೆದರಬೇಕಿಲ್ಲ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ದಿನಾಲೂ ಲೋಟಗಟ್ಟಲೆ ಕೊಡುವ ಅಗತ್ಯವಂತೂ ಇಲ್ಲ.

ಸಸ್ಯಾಹಾರಿಗಳು ಕಳೆದುಕೊಳ್ಳುವುದು ಏನೂ ಇಲ್ಲ. ಗ್ಲೈಸಿನ್, ಪ್ರೊಲಿನ್‌ಗಳನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಬೇಳೆ, ಕಡಲೆಕಾಯಿ, ಹಾಲು, ಮೊಸರು ಅದಕ್ಕೆ ಸಾಮಗ್ರಿ ಒದಗಿಸುತ್ತವೆ. ಹುರುಳಿಕಟ್ಟಿನ ಸಾರು ನೆಗಡಿಗೂ ಬಾಯಿರುಚಿಗೂ ಅಷ್ಟೇ ಚೆನ್ನ.

ಮೂಳೆ ಸೂಪು ಒಳ್ಳೆಯ ಆಹಾರ, ದುರ್ಬಲ ಔಷಧ. ಕಸಕ್ಕೆ ಹೋಗುವ ಮೂಳೆಯಿಂದ ರುಚಿ, ದ್ರವ, ಒಂದಿಷ್ಟು ಪ್ರೋಟೀನು ಕಡಿಮೆ ಖರ್ಚಿನಲ್ಲಿ ಸಿಗುವುದು ಅದರ ನಿಜವಾದ ಹೆಚ್ಚುಗಾರಿಕೆ. ವಾರಕ್ಕೊಂದೆರಡು ಸಲ, ಉಪ್ಪು ಕಡಿಮೆ ಮಾಡಿ, ಬೇಗ ತಣಿಸಿಟ್ಟು, ಮುದ್ದೆ, ಕಾಳು, ಸೊಪ್ಪಿನ ಜೊತೆಗೆ ಸವಿಯಿರಿ. ಮುರಿದ ಮೂಳೆಗೂ ಸವೆದ ಮೊಣಕಾಲಿಗೂ ಚಿಕಿತ್ಸೆಯನ್ನು ವೈದ್ಯರ ಬಳಿಯೇ ಪಡೆಯಿರಿ.